ಬೆನ್ನ ಮೇಲಿನ ಚೀಟಿ

ಮಳವಳ್ಳಿ ಹತ್ತಿರದ ನಮ್ಮೂರಿಗೆ ರಜೆಗೆ ಬಂದು ಹತ್ತು ದಿನವಾಯಿತು. ಬಂದ ಮಾರನೇ ದಿನವೇ ದೊಡ್ಡಪ್ಪ ನನ್ನ ಬ್ಯಾಗಿನಲ್ಲಿದ್ದ ಪದಕ ಆಚೆ ತೆಗೆದು, ಅಂಗೈಯಲ್ಲಿಟ್ಟು ತೂಗಿ ನೋಡಿದರು.

"ಎಷ್ಟನೇ ಬಹುಮಾನ ಕಣ್ಲಾ ಇದು?"

"ಬಹುಮಾನ ಅಲ್ಲ ದೊಡ್ಡಪ್ಪ. ಓಡಿ ಮುಗಿಸಿದೋರಿಗೆಲ್ಲ ಕೊಡ್ತಾರೆ."

"ಎಲ್ಲಾರ್ಗೂ ಕೊಟ್ರೆ ಅದ್ಯಾವ ಸೀಮೆ ಪದಕ್ವೋ!"

ಅಲ್ಲಿಗೆ ಅದರ ಮರ್ಯಾದೆ ಮುಗಿಯಿತು. ಪದಕ ಅಣ್ಣನ ಮಗನ ಕೊರಳಿಗೆ ಹೋಯಿತು. ಅವನು ಅದನ್ನು ಹಾಕಿಕೊಂಡೇ ಸ್ಕೂಲಿಗೆ ಹೋದ. ಅಲ್ಲಿ ಯಾರ ಹತ್ತಿರ ಏನು ಹೇಳಿದನೋ, ಸಂಜೆ ಹೊತ್ತಿಗೆ ನಾನು ಇಂಗ್ಲೆಂಡಿನಲ್ಲಿ ಓಟದಲ್ಲಿ ಫಸ್ಟ್ ಬಂದವನಾಗಿದ್ದೆ. ನಿಜ ಏನೆಂದರೆ, ಬೆನ್ನ ಮೇಲೆ ಫ್ರಿಜ್ ಹೊತ್ತುಕೊಂಡವನೊಬ್ಬ ನನಗಿಂತ ಮುಂಚೆ ಗುರಿ ಮುಟ್ಟಿದ್ದ. ಅವನ ವಿಷಯ ಆಮೇಲೆ ಹೇಳುತ್ತೇನೆ.

ನಾನಿರುವುದು ಇಂಗ್ಲೆಂಡಿನ ಈಶಾನ್ಯ ಮೂಲೆಯ ಗೇಟ್ಸ್‌ಹೆಡ್‌ನಲ್ಲಿ. ಟೈನ್ ನದಿಯ ಈ ದಡ ನಮ್ಮದು, ಆ ದಡ ನ್ಯೂಕ್ಯಾಸಲ್. ಸೆಪ್ಟೆಂಬರ್ ಬಂತೆಂದರೆ ನ್ಯೂಕ್ಯಾಸಲ್‌ನಿಂದ ಸಮುದ್ರದ ದಂಡೆಯ ಸೌತ್ ಶೀಲ್ಡ್ಸ್‌ವರೆಗೆ ಗ್ರೇಟ್ ನಾರ್ತ್ ರನ್ ನಡೆಯುತ್ತದೆ. 13.1 ಮೈಲಿ, ಅಂದರೆ 21 ಕಿಲೋಮೀಟರ್ ಚಿಲ್ಲರೆ. 1976ರ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಟಕ್ಕೆ ಕಂಚು ಗೆದ್ದ ಬ್ರೆಂಡನ್ ಫಾಸ್ಟರ್ ಶುರು ಮಾಡಿದ ಓಟ ಇದು. 1981ರಲ್ಲಿ ಮೊದಲ ಸಲ ಸುಮಾರು 12,000 ಜನ ಓಡಿದ್ದರು. ಈಗ 60,000 ಹತ್ತಿರ. ಮಳವಳ್ಳಿ ಟೌನಿನ ಜನರನ್ನೆಲ್ಲ ಒಂದೇ ರಸ್ತೆಗೆ ಬಿಟ್ಟರೂ ಅಷ್ಟಾಗುವುದಿಲ್ಲ.

ಗೆಲ್ಲೋಕೆ ಓಡುವವರು ಬೆರಳೆಣಿಕೆಯಷ್ಟು. ಉಳಿದವರಲ್ಲಿ ಬಹಳ ಜನ ಯಾವುದಾದರೂ ಒಂದು ಕಾಯಿಲೆಗೋ ಅನಾಥಾಲಯಕ್ಕೋ ದುಡ್ಡು ಕೂಡಿಸಲು ಓಡುತ್ತಾರೆ. ನಮ್ಮಪ್ಪ ಹೋಗಿದ್ದು ಕಿಡ್ನಿ ಕೆಟ್ಟು. ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ನಾಲ್ಕು ಗಂಟೆ ಡಯಾಲಿಸಿಸ್. ಹಾಗಾಗಿ ಕಿಡ್ನಿ ಕಾಯಿಲೆಯ ಸಂಶೋಧನೆಗೆ ದುಡ್ಡು ಕೊಡುವ ಒಂದು ಸಂಸ್ಥೆಯ ಹೆಸರಲ್ಲಿ ನಾನೂ ಜಾಗ ತೆಗೆದುಕೊಂಡೆ. ಷರತ್ತು ಇಷ್ಟೇ: 400 ಪೌಂಡ್ ಕೂಡಿಸಿ ಕೊಡಬೇಕು.

ಅಮ್ಮನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಅಲ್ಲ ಕಣ್ ಮಗ, ಓಡಕೆ ನೀನೇ ದುಡ್ ಕಟ್ಬೇಕು, ಆಮೇಲೆ ಕಂಡೋರತ್ರ ದುಡ್ ಎತ್ಬೇಕು. ಸುಮ್ನೆ ಆ ದುಡ್ಡ ಕೊಟ್ಬುಟ್ಟು ಮನೇಲಿ ಕುಂತ್ಕಬಾರ್ದಾ?"

ಇದಕ್ಕೆ ನನ್ನ ಹತ್ತಿರ ಇವತ್ತಿಗೂ ಉತ್ತರವಿಲ್ಲ.

ನಮ್ಮಲ್ಲಿ ದುಡ್ಡು ಎತ್ತುವ ರೀತಿ ನಿಮಗೆ ಗೊತ್ತೇ ಇದೆ. ಮಾರಮ್ಮನ ಹಬ್ಬಕ್ಕೆ ನಾಲ್ಕು ಜನ ರಸೀದಿ ಪುಸ್ತಕ ಹಿಡಿದು ಬರುತ್ತಾರೆ. ಜಗಲಿ ಮೇಲೆ ಕೂರುತ್ತಾರೆ. "ಹೋದೊರ್ಷ ಐನೂರು, ಈ ವರ್ಷ ಸಾವ್ರ ಬರ್ಕತೀನಿ" ಅಂತ ಬರೆದೇ ಬಿಡುತ್ತಾರೆ. ನೀವು ಏನು ಮಾಡಿದಿರಿ ಅಂತ ಅವರನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಹಾಗಲ್ಲ. ಕೇಳುವವನು ಮೊದಲು ಮೈ ದಂಡಿಸಬೇಕು. ಒಬ್ಬ ಓಡುತ್ತಾನೆ, ಇನ್ನೊಬ್ಬ ಸೈಕಲ್ ತುಳಿಯುತ್ತಾನೆ. ನಮ್ಮ ಆಫೀಸಿನ ಹೆಂಗಸೊಬ್ಬರು ಕ್ಯಾನ್ಸರ್ ರೋಗಿಗಳಿಗಾಗಿ ತಲೆ ಬೋಳಿಸಿಕೊಂಡರು. ಕ್ಯಾಂಟೀನಿನಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಮನಸ್ಸಿನಲ್ಲೇ ಅಂದುಕೊಂಡೆ, ಇದು ಮುಡಿ ಕೊಡೋದೇ ಅಲ್ವಾ? ಬೆಟ್ಟ ಇಲ್ಲ, ದೇವರಿಲ್ಲ, ಅಷ್ಟೇ.

ಕೊಡುವವರ ಕಥೆ ಇನ್ನೂ ಚೆಂದ. ಪಕ್ಕದ ಟೇಬಲ್ಲಿನಾಕೆ ಹತ್ತು ಪೌಂಡ್ ಹಾಕಿ, ಇಷ್ಟೇ ಕೊಡೋಕಾಯ್ತು ಅಂತ ಸಾರಿ ಕೇಳಿದಳು. ಬಹಳ ಜನ ಹೆಸರೇ ಹಾಕಲಿಲ್ಲ. ನಮ್ಮಲ್ಲಿ ದೇವಸ್ಥಾನಕ್ಕೆ ಒಂದು ಟ್ಯೂಬ್‌ಲೈಟ್ ಕೊಟ್ಟರೆ ಅದರ ಮೇಲೆ ಸೇವಾರ್ಥದಾರರ ಹೆಸರು, ತಂದೆ ಹೆಸರು, ಊರು ಎಲ್ಲ ಬರೆಸಿ ಬೆಳಕೇ ಆಚೆ ಬಾರದ ಹಾಗೆ ಮಾಡುತ್ತೇವೆ. ತೆರಿಗೆ ಕಟ್ಟುವವರು ಒಂದು ಪೌಂಡ್ ಕೊಟ್ಟರೆ ಸರ್ಕಾರ ಅದರ ಮೇಲೆ 25 ಪೆನ್ಸ್ ಸೇರಿಸುತ್ತದೆ, ಅದೊಂದು ಒಳ್ಳೆ ಏರ್ಪಾಡು. ಆದರೂ ಕೊನೆಗೆ 60 ಪೌಂಡ್ ಕಮ್ಮಿ ಬಿತ್ತು. ಆಫೀಸಿನವರೇ ಮನೆಯಿಂದ ಕೇಕ್ ಮಾಡಿ ತಂದರು, ತಾವೇ ತಂದ ಕೇಕನ್ನು ತಾವೇ ತುಂಡಿಗೊಂದು ಪೌಂಡ್ ಕೊಟ್ಟು ಕೊಂಡು ತಿಂದರು. ಲೆಕ್ಕ ಸರಿಹೋಯಿತು.

ಗಲಾಟೆ ಶುರುವಾಗಿದ್ದು ಬೆನ್ನಿನ ಚೀಟಿಯಿಂದ.

ಎದೆಗೆ ನಂಬರ್ ಪಿನ್ ಮಾಡಿಕೊಳ್ಳುವುದು ಎಲ್ಲ ಕಡೆ ಇದ್ದದ್ದೇ. ಅಲ್ಲಿ ಬಹಳ ಜನ ಬೆನ್ನಿಗೂ ಒಂದು ಚೀಟಿ ಹಾಕಿಕೊಳ್ಳುತ್ತಾರೆ. ಯಾರಿಗಾಗಿ ಓಡುತ್ತಿದ್ದೇನೆ ಅಂತ ಬರೆಯೋಕೆ. ಕೆಲವರು ಫೋಟೋ ಅಂಟಿಸುತ್ತಾರೆ, ಕಾಯಿಲೆಯ ಹೆಸರೂ ಹಾಕುತ್ತಾರೆ. ಅಮ್ಮನಿಗೆ ಇದನ್ನು ಹೇಳಬಾರದಿತ್ತು.

"ನಿಮ್ಮಪ್ಪನ ಕಾಯ್ಲೆಯ ಬೆನ್ಗೆ ಅಂಟಿಸ್ಕಂಡು ಊರೆಲ್ಲ ತೋರಿಸ್ಕಂಡು ಓಡ್ತೀಯಾ?"

ಅಮ್ಮನ ಸಿಟ್ಟಿಗೆ ಕಾರಣವಿತ್ತು. ಅಪ್ಪನ ಡಯಾಲಿಸಿಸ್ ಶುರುವಾದಾಗ ತಂಗಿಯ ಮದುವೆ ಮಾತುಕತೆ ನಡೆಯುತ್ತಿತ್ತು. ಮನೆಯಲ್ಲಿ ಕಾಯಿಲೆ ಇದೆ ಅಂದರೆ ಗಂಡಿನ ಕಡೆಯವರು ಹಿಂದೇಟು ಹಾಕುತ್ತಾರೆ ಅಂತ ನೆಂಟರಿಗೂ ಹೇಳಿರಲಿಲ್ಲ. ಯಾರಾದರೂ ಕೇಳಿದರೆ "ಮೈಸೂರಿಗೆ ಕೆಲಸದ ಮೇಲೆ ಹೋಗವ್ರೆ" ಅನ್ನುತ್ತಿದ್ದೆವು. ವಾರಕ್ಕೆ ಮೂರು ಸಲ ಅದೇನು ಕೆಲಸವೋ, ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು ಅಂತ ಕಾಣುತ್ತದೆ.

ಕೊನೆಗೆ ನಾನು ಒಂದು ಉಪಾಯ ಮಾಡಿದೆ. ಚೀಟಿ ಮೇಲೆ ದಪ್ಪ ಮಾರ್ಕರಿನಲ್ಲಿ ಕನ್ನಡದಲ್ಲಿ "ಅಪ್ಪ" ಅಂತ ಬರೆದೆ. ಅಷ್ಟೇ. ಬರೆದ ಹಾಗೂ ಆಯಿತು, ಹೇಳದ ಹಾಗೂ ಆಯಿತು.

ಓಟದ ದಿನ ಬೆಳಗ್ಗೆ 12 ಡಿಗ್ರಿ ಚಳಿ. ಜನ ಕಸದ ಕಪ್ಪು ಚೀಲಕ್ಕೆ ತೂತು ಮಾಡಿ ತಲೆ ತೂರಿಸಿಕೊಂಡು ನಿಂತಿದ್ದರು. ಹಳೇ ಸ್ವೆಟರ್ ಹಾಕಿಕೊಂಡು ಬಂದವರು ಓಟ ಶುರುವಾಗುವಾಗ ಬಿಚ್ಚಿ ಬೇಲಿ ಮೇಲೆ ಎಸೆಯುತ್ತಾರೆ, ಅದನ್ನು ಆಯ್ದು ಬಡವರಿಗೆ ಕೊಡುತ್ತಾರೆ. ಟಾಯ್ಲೆಟ್ಟಿನ ಸಾಲು ಹನುಮಂತನ ಬಾಲ. ಅಷ್ಟು ಶಿಸ್ತಿನ ದೇಶದ ಗಂಡಸರು ಹೆದ್ದಾರಿ ಪಕ್ಕದ ಪೊದೆಗಳ ಮುಂದೆ ಸಾಲಾಗಿ ಬೆನ್ನು ಮಾಡಿ ನಿಂತಿದ್ದನ್ನು ನೋಡಿದಾಗ ನನಗೆ ಊರಿಗೇ ಬಂದಷ್ಟು ಸಂತೋಷವಾಯಿತು. ಅಲ್ಲೂ ಒಬ್ಬರ ಹಿಂದೆ ಒಬ್ಬರು ಪಾಳಿ ಕಾಯುತ್ತಿದ್ದರು ಅನ್ನುವುದೊಂದೇ ವ್ಯತ್ಯಾಸ.

ಸಾಲು ಮುಂದೆ ಸರಿದು ನನ್ನ ಗುಂಪು ಓಟದ ಗೆರೆ ದಾಟುವಷ್ಟರಲ್ಲಿ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ಸುತ್ತ ಇದ್ದವರು ಮಾತಾಡಿದ್ದು ಮಳೆ ಬರುತ್ತೋ ಇಲ್ಲವೋ ಅನ್ನುವುದನ್ನು ಮಾತ್ರ. ಮೋಡ ನೋಡುತ್ತಾರೆ, ಪರವಾಗಿಲ್ಲ ಅನ್ನುತ್ತಾರೆ, ಮತ್ತೆ ಮೋಡ ನೋಡುತ್ತಾರೆ. ಆದರೆ ಅವರ ಬೆನ್ನು? ಒಬ್ಬನ ಬೆನ್ನ ಮೇಲೆ ಆರು ತಿಂಗಳ ಮಗುವಿನ ಫೋಟೋ. ಇನ್ನೊಬ್ಬಳದರಲ್ಲಿ ಅಮ್ಮನ ಹೆಸರು, ಕೆಳಗೆ ಎರಡು ಇಸವಿ. ಮುಖದಲ್ಲಿ ಹವಾಮಾನ, ಬೆನ್ನಲ್ಲಿ ಸಾವು. ನಾವು ಇದರ ಉಲ್ಟಾ. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಸಂಬಳ ಎಷ್ಟು, ಮಕ್ಕಳು ಯಾಕಾಗಿಲ್ಲ ಅಂತ ಮುಖಕ್ಕೇ ಕೇಳುತ್ತೇವೆ. ನಮ್ಮ ಮನೆಯ ಕಾಯಿಲೆ ಮಾತ್ರ ಕೋಣೆ ದಾಟಬಾರದು.

ಓಟ ಶುರುವಾಗಿ ಸ್ವಲ್ಪ ಹೊತ್ತಿಗೆ ರಸ್ತೆ ಸುರಂಗದೊಳಗೆ ಇಳಿಯುತ್ತದೆ. ಅಲ್ಲಿ ಕತ್ತಲಲ್ಲಿ ಯಾರೋ ಒಬ್ಬ "ಆಗೀ ಆಗೀ ಆಗೀ!" ಅಂತ ಕೂಗಿದ. ಸಾವಿರಾರು ಗಂಟಲು ಒಟ್ಟಿಗೆ "ಓಯ್ ಓಯ್ ಓಯ್!" ಅಂದವು. ಸುರಂಗ ನಡುಗಿತು. ನನ್ನ ಕೈ ಮೇಲಿನ ಕೂದಲು ನಿಂತವು. ನನಗೆ ಕೇಳಿಸಿದ್ದು ಬೇರೆ. "ಉಘೇ ಉಘೇ ಮಾದಪ್ಪಾ!"

ಹೈಸ್ಕೂಲಿನಲ್ಲಿದ್ದಾಗ ಒಂದು ಶಿವರಾತ್ರಿಗೆ ಅಪ್ಪನ ಜೊತೆ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡು ಹೋಗಿದ್ದೆ. ಕೊಳ್ಳೇಗಾಲ, ಹನೂರು ದಾಟಿ, ತಾಳಬೆಟ್ಟದಿಂದ ಮೇಲೆ. ದಾರಿಯುದ್ದಕ್ಕೂ ಗುರುತು ಪರಿಚಯ ಇಲ್ಲದ ಜನ ಮಜ್ಜಿಗೆ, ಪಾನಕ, ಅನ್ನ ಕೊಡುತ್ತಿದ್ದರು. ತಾಳಬೆಟ್ಟದಲ್ಲಿ ನನ್ನ ಅಂಗಾಲು ಬೊಬ್ಬೆ ಎದ್ದಿತ್ತು. ಅಪ್ಪ ನನ್ನ ಕಾಲನ್ನು ತೊಡೆ ಮೇಲೆ ಇಟ್ಟುಕೊಂಡು, ಸಣ್ಣ ಶೀಷೆಯಿಂದ ಹರಳೆಣ್ಣೆ ಸುರಿದು, ಬೊಬ್ಬೆ ಒಡೆಯದ ಹಾಗೆ ಸುತ್ತಲೂ ಹೆಬ್ಬೆಟ್ಟಿನಿಂದ ತೀಡಿದರು. ಆ ಹರಕೆ ಏನಿತ್ತು ಅಂತ ಕೇಳಿದರೆ ಹೇಳಲಿಲ್ಲ. ಹೇಳಿದರೆ ಫಲ ಇಲ್ಲ ಅಂದರು.

ಸುರಂಗ ದಾಟಿದರೆ ಟೈನ್ ಸೇತುವೆ. 1928ರದ್ದು, ಹಸಿರು ಕಬ್ಬಿಣದ ದೊಡ್ಡ ಕಮಾನು. ಅದರ ಮೇಲೆ ವಾಯುಪಡೆಯ ರೆಡ್ ಆರೋಸ್ ವಿಮಾನಗಳು ಬಣ್ಣದ ಹೊಗೆ ಬಿಟ್ಟುಕೊಂಡು ಹಾರಿದವು. ಎಲ್ಲರೂ ಮೇಲೆ ನೋಡಿದರು. ನಾನೂ ನೋಡಿದೆ. ನೋಡುತ್ತಾ ಹೋಗಿ ಫ್ರಿಜ್ಜಿಗೆ ಡಿಕ್ಕಿ ಹೊಡೆದೆ. ಗುದ್ದಿದವನು ನಾನು, ಸಾರಿ ಕೇಳಿದವನು ಫ್ರಿಜ್ ಹೊತ್ತವನು! ನಿಜವಾದ ಫ್ರಿಜ್ಜೇ, ಹಗ್ಗದಲ್ಲಿ ಬೆನ್ನಿಗೆ ಬಿಗಿದುಕೊಂಡಿದ್ದ. ಯಾಕಪ್ಪಾ ಈ ಕರ್ಮ ಅಂತ ಮೊದಲು ಅನ್ನಿಸಿತು. ಆಮೇಲೆ ಉರುಳುಸೇವೆ ನೆನಪಾಯಿತು. ನಡೆದು ಹೋಗಬಹುದಾದ ಪ್ರದಕ್ಷಿಣೆಯನ್ನು ನಾವು ಉರುಳಿಕೊಂಡು ಹೋಗುವುದಿಲ್ಲವೇ?

ನಮ್ಮ ಗೇಟ್ಸ್‌ಹೆಡ್ ದಾಟುವಾಗ ಜನವೋ ಜನ. ಮನೆ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಮಕ್ಕಳು ಕಿತ್ತಳೆ ತೊಳೆ, ಐಸ್ ಕ್ಯಾಂಡಿ ಹಿಡಿದು ನಿಂತಿವೆ. ಒಬ್ಬ ತಾತ ತೋಟದ ಪೈಪಿನಲ್ಲಿ ನಮ್ಮ ಮೇಲೆ ನೀರು ಹಾರಿಸುತ್ತಿದ್ದ. ಇನ್ನೊಬ್ಬ ಬಿಯರ್ ಕೊಡುತ್ತಿದ್ದ, ಅದನ್ನು ಇಸಿದುಕೊಂಡು ಕುಡಿದು ಓಡಿದವರನ್ನೂ ಕಂಡೆ. ರಾಮನವಮಿ ಪಾನಕದ ಜಾಗದಲ್ಲಿ ಅದು.

ಆ ಕಡೆಯ ಜನರ ಇಂಗ್ಲಿಷಿಗೆ ಜಾರ್ಡಿ ಅನ್ನುತ್ತಾರೆ. ಲಂಡನ್ನಿನವರು ಅದನ್ನು ಕೇಳಿ ನಗುತ್ತಾರೆ. ನಮ್ಮ ಮಂಡ್ಯದ ಮಾತಿಗೆ ಬೆಂಗಳೂರಿನವರು ನಗುವ ಹಾಗೆ. ಅವರು ಗುರುತಿಲ್ಲದವರನ್ನೂ "ಪೆಟ್" ಅನ್ನುತ್ತಾರೆ. ಬಸ್ ಡ್ರೈವರಿಗೆ ನಾನು ಪೆಟ್, ಮೀನಿನಂಗಡಿಯ ಅಜ್ಜಿಗೂ ಪೆಟ್. ಹೆಂಗಸರನ್ನೂ "ಮ್ಯಾನ್" ಅಂತ ಕರೆಯುತ್ತಾರೆ! ಹೋದ ಹೊಸದರಲ್ಲಿ ವಿಚಿತ್ರ ಅನ್ನಿಸಿತ್ತು. ಆಮೇಲೆ ಹೊಳೆಯಿತು, ನಮ್ಮಮ್ಮ ನನ್ನ ತಂಗಿಯನ್ನು ಕರೆಯುವುದೂ "ಬಾ ಮಗ" ಅಂತಲೇ.

ಐದನೇ ಮೈಲಿಯಲ್ಲೇ ಅವರು "ಇನ್ನೇನ್ ಬಂದೇಬಿಡ್ತು ಪೆಟ್!" ಅಂತ ಕೂಗೋಕೆ ಶುರು. ಇನ್ನೂ ಎಂಟು ಮೈಲಿ ಇತ್ತು. ದಾರಿ ಕೇಳಿದರೆ "ಇಲ್ಲೇ, ಒಂದು ಕೂಗಳತೆ" ಅಂತ ಹೇಳಿ ಮೂರು ಮೈಲಿ ನಡೆಸುವ ನಮ್ಮವರಿಗೂ ಇವರಿಗೂ ಏನೋ ನೆಂಟಸ್ತನ ಇರಬೇಕು.

ಎಂಟನೇ ಮೈಲಿ ಹತ್ತಿರ ನನ್ನ ಮುಂದೆ ಒಬ್ಬಾಕೆ ಓಡುತ್ತಿದ್ದಳು. ಐವತ್ತರ ಮೇಲಿರಬಹುದು. ಬೆನ್ನ ಚೀಟಿಯಲ್ಲಿ "ಡ್ಯಾಡ್" ಅಂತ ಇತ್ತು, ಪಕ್ಕದಲ್ಲಿ ಕನ್ನಡಕ ಹಾಕಿದ ಮುದುಕರ ಫೋಟೋ. ಕೆಳಗಿನ ಎಡಗಡೆ ಪಿನ್ ಕಳಚಿ ಮೂಲೆ ಪಟಪಟ ಅನ್ನುತ್ತಿತ್ತು. ಗಾಳಿ ಬಂದಾಗ ಚೀಟಿ ಮಡಚಿಕೊಂಡು ಮುದುಕರ ಮುಖ ಅರ್ಧ ಮುಚ್ಚುತ್ತಿತ್ತು, ಮತ್ತೆ ತೆರೆಯುತ್ತಿತ್ತು. ಎರಡು ಮೈಲಿ ಅದನ್ನೇ ನೋಡುತ್ತಾ ಓಡಿದೆ. ಕೊನೆಗೆ ತಡೆಯದೆ ಪಕ್ಕಕ್ಕೆ ಹೋಗಿ ಹೇಳಿದೆ. ಅವಳು ನಿಂತಳು. ಸಾರಿ ಅಂದಳು, ಥ್ಯಾಂಕ್ಸ್ ಅಂದಳು, ಮತ್ತೆ ಸಾರಿ ಅಂದಳು. ನಾನು ನನ್ನ ಎದೆ ನಂಬರಿನ ನಾಲ್ಕು ಪಿನ್ನಿನಲ್ಲಿ ಒಂದನ್ನು ಬಿಚ್ಚಿದೆ. ಬೆರಳು ಬೆವರಿಗೆ ಜಾರುತ್ತಿತ್ತು. ಎರಡು ಸಲ ಚುಚ್ಚಿಕೊಂಡು ಕೊನೆಗೆ ಅವಳ ಚೀಟಿಗೆ ಹಾಕಿದೆ. ಅವಳು ನನ್ನ ಬೆನ್ನು ನೋಡಿ ಇದೇನು ಚಿತ್ರ ಅಂದಳು. ಡ್ಯಾಡ್ ಅಂದೆ. "ಓ" ಅಂದಳು. ಆಮೇಲೆ, ಮಳೆ ಬರಲಿಲ್ಲ ಪುಣ್ಯ ಅಂದಳು.

ಅಲ್ಲಿಂದ ಮುಂದಕ್ಕೆ ಹೇಳುವಂಥದ್ದೇನಿಲ್ಲ. ಮೊಣಕಾಲು ಮಾತು ಕೇಳಲಿಲ್ಲ. ದಾರಿ ಬದಿಯಲ್ಲಿ ಕೈಗವಸು ಹಾಕಿಕೊಂಡ ಸ್ವಯಂಸೇವಕನೊಬ್ಬ ಅಂಗೈ ತುಂಬ ವ್ಯಾಸಲೀನ್ ಹಿಡಿದು ನಿಂತಿದ್ದ, ಮೈ ಉಜ್ಜಿ ಗಾಯವಾದವರು ತೆಗೆದುಕೊಳ್ಳಲಿ ಅಂತ. ನಾನು ಬೇಡ ಅಂದೆ. ಹತ್ತು ಹೆಜ್ಜೆ ಹೋಗಿ ವಾಪಸ್ ಬಂದು ತೆಗೆದುಕೊಂಡೆ. ರಸ್ತೆ ಸರಕ್ಕನೆ ಇಳಿದು ಸಮುದ್ರ ಕಂಡಿತು, ಕೊನೆಯ ಮೈಲಿ ದಂಡೆಯ ಮೇಲೇ. ವಾಪಸ್ ಮೆಟ್ರೋ ಹತ್ತೋಕೆ ಒಂದೂವರೆ ಗಂಟೆ ಸಾಲು. ಕುಂಟುತ್ತಿದ್ದವರೇ ಎಲ್ಲ, ಒಬ್ಬನೂ ನುಗ್ಗಲಿಲ್ಲ. ಇದೊಂದು ವಿಷಯದಲ್ಲಿ ನನಗೆ ಇನ್ನೂ ನಂಬಿಕೆ ಬಂದಿಲ್ಲ, ಪ್ರತಿ ಸಲ ಯಾರಾದರೂ ನುಗ್ಗುತ್ತಾರೆ ಅಂತ ಮೊಣಕೈ ಅಗಲ ಮಾಡಿಕೊಂಡೇ ನಿಲ್ಲುತ್ತೇನೆ.

ಅಭ್ಯಾಸ ಬಿಡಬಾರದು ಅಂತ ಊರಲ್ಲೂ ಬೆಳಗ್ಗೆ ನಾಲೆ ಏರಿ ಮೇಲೆ ಓಡುತ್ತಿದ್ದೇನೆ. ಮೊದಲ ದಿನ ನಾಯಿಗಳು ಜೊತೆಗೆ ಬಂದವು. ಎರಡನೇ ದಿನ ಬಟ್ಟೆ ಒಗೆಯುತ್ತಿದ್ದ ಅತ್ತೆಯೊಬ್ಬರು "ಶುಗರ್ ಬಂದದಾ ಮಗ?" ಅಂತ ಕೇಳಿದರು. ಇಲ್ಲ ಅಂದೆ. ನಂಬಲಿಲ್ಲ. ಸಂಜೆ ಅಮ್ಮನಿಗೆ ಸುದ್ದಿ ಮುಟ್ಟಿತ್ತು, "ನಿನ್ ಮಗನ್ಗೂ ಅವರಪ್ಪನ್ ಕಾಯ್ಲೆನೇ ಅಂತಲ್ಲ." ಅಮ್ಮ ಎರಡು ದಿನ ನನ್ನ ಜೊತೆ ಮಾತು ಬಿಟ್ಟರು.

ಇವತ್ತು ಬೆಳಗ್ಗೆ ಹಿಂದಿನಿಂದ ಟಿವಿಎಸ್ ಸದ್ದು. ನನ್ನ ಜೊತೆ ಓದಿದವನು, ಹಿಂದೆ ಹಾಲಿನ ಕ್ಯಾನು ಇಟ್ಟುಕೊಂಡು ಡೈರಿಗೆ ಹೊರಟಿದ್ದ.

"ಯಾಕ್ಲಾ ಓಡ್ತಿದ್ದೀಯ? ಅತ್ತು, ಬುಡ್ತೀನಿ."

"ಬೇಡ ಮಾರಾಯ. ಓಡೋಕೇ ಬಂದಿರೋದು."

ಅವನು ಮುಂದೆ ಹೋಗಲಿಲ್ಲ. ಗಾಡಿ ನಿಧಾನ ಮಾಡಿ ನನ್ನ ಪಕ್ಕದಲ್ಲೇ ಬರತೊಡಗಿದ. ಕಬ್ಬಿನ ರೇಟು ಹೇಳಿದ, ಬೋರ್‌ವೆಲ್ ಕೆಟ್ಟಿದ್ದು ಹೇಳಿದ. ನಾನು ಏದುಸಿರು ಬಿಡುತ್ತಾ ಹೂಂ ಹೂಂ ಅನ್ನುತ್ತಿದ್ದೆ. ಅರ್ಧ ಮೈಲಿ ಹೀಗೇ ಬಂದ ಮೇಲೆ ಅವನಿಗೆ ಸಿಟ್ಟು ಬಂತು.

"ಡೈರಿಗೆ ಟೈಮಾಯ್ತದೆ ಕಣ್ಲಾ. ನಿನ್ನ ಇಲ್ ಬುಟ್ಟು ಎಂಗ್ ಓಗದು? ಅತ್ತು ಸುಮ್ಕೆ."

ಹತ್ತಿದೆ.

"ಕ್ಯಾನ ಗಟ್ಟಿಯಾಗಿ ಹಿಡ್ಕ," ಅಂದ. "ಮುಚ್ಚಳ ಸಡ್ಲ ಆಗದೆ."