ಮೂರು ಬಿಲ್ಲುಗಳ ಕೆಳಗೆ

ಹಂಪಿಯ ವಿರೂಪಾಕ್ಷನ ದರ್ಶನಕ್ಕೆ ಬಂದವರು ರಂಗಮಂಟಪವನ್ನು ದಾಟಿಯೇ ಒಳಗೆ ಹೋಗಬೇಕು. ಹೆಚ್ಚಿನವರು ಬೇಗ ದಾಟಿಬಿಡುತ್ತಾರೆ. ನಾನೂ ಹಲವು ಸಲ ಹಾಗೆ ದಾಟಿದವನೇ. ಈ ಬಾರಿ ಮಹಾಮಂಗಳಾರತಿಗೆ ಇನ್ನೂ ಹೊತ್ತಿತ್ತು. ಕಂಬದ ಪಕ್ಕಕ್ಕೆ ಸರಿದು ತಲೆಯೆತ್ತಿದೆ.

ಕೃಷ್ಣದೇವರಾಯನ ಪಟ್ಟಾಭಿಷೇಕದ ನೆನಪಿಗೆ 1510ರ ಹೊತ್ತಿಗೆ ಎದ್ದ ಮಂಟಪವಿದು. ಛಾವಣಿಯ ಬಣ್ಣಗಳು ಅದೇ ಕಾಲದವೋ ಆಮೇಲಿನವೋ ಎಂಬುದರಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಆ ತಕರಾರು ಅವರಿಗಿರಲಿ. ದಶಾವತಾರವಿದೆ, ಗಿರಿಜಾ ಕಲ್ಯಾಣವಿದೆ, ಪಲ್ಲಕ್ಕಿಯಲ್ಲಿ ಸಾಗುವ ವಿದ್ಯಾರಣ್ಯರಿದ್ದಾರೆ. ನನ್ನ ಕಣ್ಣು ಮಾತ್ರ ಬಿಲ್ಲು ಹಿಡಿದ ಮೂವರನ್ನು ಬಿಟ್ಟು ಕದಲಲಿಲ್ಲ.

ಮೊದಲನೆಯವನು ಮನ್ಮಥ. ತಪಸ್ಸಿಗೆ ಕುಳಿತ ಶಿವನತ್ತ ಹೂಬಾಣ ಹೂಡಿದ್ದಾನೆ. ಈ ಕಥೆ ಇಲ್ಲಿಗೆ ಹೊರಗಿನದಲ್ಲ. ಶಿವ ಕಾಮನನ್ನು ಸುಟ್ಟದ್ದು ಪಕ್ಕದ ಹೇಮಕೂಟದಲ್ಲೇ ಎನ್ನುತ್ತದೆ ಸ್ಥಳಪುರಾಣ. ಗುಡಿಯ ಬಡಗಣ ಮಗ್ಗುಲಿನ ಕೊಳಕ್ಕೂ ಮನ್ಮಥ ಹೊಂಡವೆಂದೇ ಹೆಸರು. ಆದರೂ ಚಿತ್ರಗಾರ ಬೂದಿಯನ್ನು ಬರೆಯಲಿಲ್ಲ. ಸುಡುವುದಕ್ಕೆ ಮುಂಚಿನ ಗಳಿಗೆಯಲ್ಲಿ ಕುಂಚ ನಿಲ್ಲಿಸಿದ್ದಾನೆ. ಕರುಣೆಯೇ ಇರಬೇಕು ಎಂದುಕೊಂಡೆ. ಕಾಮನೇನು ತನ್ನ ಚಪಲಕ್ಕೆ ಬಂದವನಲ್ಲವಲ್ಲ. ತಾರಕಾಸುರನನ್ನು ಕೊಲ್ಲಲು ಶಿವನ ಮಗನೇ ಹುಟ್ಟಬೇಕೆಂದು ದೇವತೆಗಳು ಅವನನ್ನು ಮುಂದೆ ನೂಕಿದರು.

ಎರಡನೆಯ ಬಿಲ್ಲು ಶಿವನದೇ. ತ್ರಿಪುರ ಸಂಹಾರಕ್ಕೆ ಹೊರಟ ರಥ: ಸೂರ್ಯ ಚಂದ್ರರೇ ಗಾಲಿಗಳು, ಬ್ರಹ್ಮ ಸಾರಥಿ, ವಿಷ್ಣುವೇ ಬಾಣ. ಅಲ್ಲಿ ಗುರಿಯಾಗಿ ಕುಳಿತಿದ್ದವನು ಇಲ್ಲಿ ಗುರಿಯಿಡುತ್ತಿದ್ದಾನೆ. ಆ ಮೂರು ಪುರಗಳನ್ನು ಆಳಿದವರು ಯಾರು? ತಾರಕನ ಮೂವರು ಮಕ್ಕಳು. ಹೂಬಾಣ ತಗಲಿದ್ದರಿಂದ ಕಲ್ಯಾಣ, ಕಲ್ಯಾಣದಿಂದ ಕುಮಾರ, ಕುಮಾರನಿಂದ ತಾರಕನ ಸಾವು, ಆ ಸಾವಿನ ಸೇಡಿಗೆ ತ್ರಿಪುರ. ಮನ್ಮಥನ ಕಬ್ಬಿನ ಬಿಲ್ಲಿನಿಂದ ಹೊರಟದ್ದು ಶಿವನ ಮೇರುವಿನ ಬಿಲ್ಲಿನವರೆಗೆ ಬಂದು ಮುಟ್ಟಿತು. ಎರಡು ಚಿತ್ರಗಳನ್ನು ಬೇರೆ ಬೇರೆಯಾಗಿ ನೋಡುತ್ತಿದ್ದ ನನಗೆ ಈ ನಂಟು ಹೊಳೆದಾಗ ಮೈ ಜುಮ್ಮೆಂದಿತು. ಬರೆದವನು ಇದನ್ನೇ ನೆನೆದಿದ್ದನೋ ಇಲ್ಲವೋ; ನನಗೆ ಕಂಡದ್ದು ಇದು.

ಮೂರನೆಯವನು ಅರ್ಜುನ, ದ್ರೌಪದಿಯ ಸ್ವಯಂವರದಲ್ಲಿ ಮತ್ಸ್ಯಯಂತ್ರ ಭೇದಿಸುತ್ತಿದ್ದಾನೆ. ಮೀನು ಮೇಲಿದೆ, ದೃಷ್ಟಿ ಕೆಳಗಿನ ನೀರಿನಲ್ಲಿ. ಮೇಲಿರುವುದನ್ನು ಹೊಡೆಯಲು ಅವನು ತಲೆ ತಗ್ಗಿಸಬೇಕು. ಅವನನ್ನು ನೋಡಲು ನಾವು ತಲೆ ಎತ್ತಬೇಕು. ಆ ಹೊತ್ತಿಗಾಗಲೇ ನನ್ನ ಕತ್ತು ನೋಯುತ್ತಿತ್ತು.

ಒಳಗೆ ಗಂಟೆ ಬಾರಿಸಿತು. ಕಂಬದಿಂದ ಈಚೆ ಬಂದೆ. ಆರತಿ ತಟ್ಟೆ ಹತ್ತಿರ ಬಂದಾಗ ತಲೆ ತಾನಾಗಿ ತಗ್ಗಿತು. ಅಂಗೈಗೆ ಬಿದ್ದ ತೀರ್ಥದಲ್ಲಿ ದೀಪದ ಬೆಳಕು ಒಂದು ಗಳಿಗೆ ಅಲುಗಾಡಿತು.