ನೀಲಿ ಬಾರದ ಸ್ಲೈಡ್‌ಗಳು ಮತ್ತು ಅಮ್ಮನ ತೊಗರಿಬೇಳೆ

ಕೊನೆಗೂ ನೀಲಿ ಬಂತು! ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಕುರಿ ಕಿಡ್ನಿಯ ಸ್ಲೈಡನ್ನು ಮೈಕ್ರೋಸ್ಕೋಪಿಗೆ ಇಟ್ಟು 40ರ ಆಬ್ಜೆಕ್ಟಿವ್ ತಿರುಗಿಸಿದೆ. ಕಿಡ್ನಿಯಲ್ಲಿ ರಕ್ತ ಸೋಸುವ ಸಣ್ಣ ಉಂಡೆಯಾದ ಗ್ಲೊಮೆರುಲಸ್ ಒಳಗಿನ ಒಂದೊಂದು ನ್ಯೂಕ್ಲಿಯಸ್ಸೂ ರಂಗೋಲಿ ಚುಕ್ಕಿ ಇಟ್ಟ ಹಾಗೆ ಎದ್ದು ಕಾಣುತ್ತಿತ್ತು. ಸುತ್ತ ಇಯೋಸಿನ್ ಅನ್ನುವ ಎರಡನೇ ಬಣ್ಣದ ತಿಳಿ ಗುಲಾಬಿ. ಮೂರು ವಾರದಿಂದ ಇದಕ್ಕೇ ಕಾಯುತ್ತಿದ್ದೆ.

ಅಂಗಾಂಶ ಕೆಡದ ಹಾಗೆ ಮಾಡುವ ಫಿಕ್ಸಿಂಗ್, ನೀರು ತೆಗೆಯುವ ಪ್ರೊಸೆಸಿಂಗ್, ಮೇಣದ ಬ್ಲಾಕಿನಲ್ಲಿ ಕೂರಿಸುವ ಎಂಬೆಡಿಂಗ್ ಎಲ್ಲ ಕಳೆದ ಸಲದ ಹಾಗೇ. ಸೆಕ್ಷನ್, ಅಂದರೆ ತೆಳು ಸೀಳು, 5 ಮೈಕ್ರಾನ್ ದಪ್ಪ, ಅದನ್ನು ತೇಲಿಬಿಡುವ ವಾಟರ್ ಬಾತ್ 45 ಡಿಗ್ರಿ. ಸೆಕ್ಷನ್ ಕತ್ತರಿಸುವ ಹಳೆಯ ಯಂತ್ರ, ಮೈಕ್ರೋಟೋಮ್, ಈ ಸಲ ಒಂಚೂರೂ ತಕರಾರು ಮಾಡಲಿಲ್ಲ. ಬ್ಲಾಕನ್ನು ಐಸ್ ಮೇಲೆ ಕಾಲು ಗಂಟೆ ಇಟ್ಟು ಕತ್ತರಿಸಿದರೆ ರಿಬ್ಬನ್ ಮಲ್ಲಿಗೆ ದಂಡೆಯ ಹಾಗೆ ಉದ್ದಕ್ಕೆ ಬರುತ್ತಿತ್ತು. ಅದೆಲ್ಲ ನಿಮಗೂ ಗೊತ್ತಿರುವ ಕೆಲಸ. ಇವತ್ತು ಬರೀ ಬಣ್ಣದ ಮಾತು.

ಜೂನ್ ಎರಡನೇ ವಾರದಲ್ಲಿ ತೊಂದರೆ ಶುರುವಾಯಿತು. ನ್ಯೂಕ್ಲಿಯಸ್ಸಿಗೆ ನೀಲಿ ಕೊಡುವ ಬಣ್ಣವಾದ ಮೇಯರ್ಸ್ ಹೆಮಟಾಕ್ಸಿಲಿನ್‌ನಲ್ಲಿ ಹತ್ತು ನಿಮಿಷ, ಆಮೇಲೆ ಹರಿಯುವ ನೀರಲ್ಲಿ ಐದು ನಿಮಿಷ. ಎರಡು ವರ್ಷದಿಂದ ಹೀಗೇ ಮಾಡಿದ್ದೇನೆ, ಯಾವತ್ತೂ ಕೈ ಕೊಟ್ಟಿರಲಿಲ್ಲ. ಈ ಸಲ ನ್ಯೂಕ್ಲಿಯಸ್ ಕೆಂಪು ಕಂದಾಗಿ ಮಂಕಾಗಿ ಉಳಿಯಿತು. ಇಯೋಸಿನ್ ಹಾಕಿದ ಮೇಲಂತೂ ಎಲ್ಲ ಒಂದೇ ಕೆಂಪು. ಯಾವುದು ನ್ಯೂಕ್ಲಿಯಸ್, ಯಾವುದು ಸೈಟೋಪ್ಲಾಸಂ ಅಂತ ಬೇರೆ ಮಾಡಿ ನೋಡುವುದೇ ಕಷ್ಟ. ನೀರಲ್ಲಿ ಅರ್ಧ ಗಂಟೆ ಬಿಟ್ಟೆ. ಉಪಯೋಗ ಆಗಲಿಲ್ಲ.

ಹೆಮಟಾಕ್ಸಿಲಿನ್ ಹಳೆಯದಾಗಿದೆ ಅಂದುಕೊಂಡೆ. ಅದಕ್ಕೆ ನಾವೆಲ್ಲ ಮಾಡುವ ಪರೀಕ್ಷೆ ಇದೆಯಲ್ಲ, ಒಂದು ಲೋಟ ನಲ್ಲಿ ನೀರಿಗೆ ಒಂದೆರಡು ಹನಿ ಬಿಡುವುದು. ತಕ್ಷಣ ನೀಲಿ ನೇರಳೆಗೆ ತಿರುಗಿದರೆ ಬಣ್ಣಕ್ಕೆ ಜೀವ ಇದೆ. ಕೆಂಪಾಗಿಯೇ ಉಳಿದರೆ ಮುಗಿಯಿತು. ಬಿಟ್ಟೆ. ಕೆಂಪಾಗಿಯೇ ಉಳಿಯಿತು. ಅರ್ಧ ಲೀಟರ್ ಬಣ್ಣವನ್ನು ವೇಸ್ಟ್ ಕ್ಯಾನಿಗೆ ಸುರಿದೆ.

ಹೊಸ ಪುಡಿಗೆ ಆರ್ಡರ್ ಹಾಕಿದೆ. ಮಾರುವವರ ಬಗ್ಗೆ ಇಲ್ಲಿ ಹೇಳಲೇಬೇಕು. ಮೇಯರ್ಸ್‌ಗೆ ಒಂದು ಲೀಟರಿಗೆ 1 ಗ್ರಾಂ ಪುಡಿ ಸಾಕು. 5 ಗ್ರಾಂ ಕೊಡಿ ಅಂದರೆ 25ರ ಬಾಟಲಿಯೇ ತಗೋಬೇಕು ಅಂದರು. ದುಡ್ಡು ಮೊದಲು, ಸಾಮಾನು ಹನ್ನೆರಡು ದಿನದ ಮೇಲೆ. ಬಂದಾಗ ಡಬ್ಬ ಒದ್ದೆ, ಲೇಬಲ್ಲಿನ ತಾರೀಕು ಅಳಿಸಿಹೋಗಿತ್ತು. ಫೋನ್ ಮಾಡಿದರೆ, 'ಮಳೆಗಾಲ ಅಲ್ವಾ ಸರ್' ಅಂದರು. ಮನೆಯಲ್ಲಿ ಇಷ್ಟು ಆಸೆಯಿಂದ ಈ ಕೆಲಸ ಮಾಡುವವರು ಸಣ್ಣ ಗಿರಾಕಿಗಳೇ ಇರಬಹುದು. ಆದರೆ ತಾರೀಕು ಓದಲು ಬರುವ ಬಾಟಲಿಯನ್ನಾದರೂ ಕೊಡಬೇಕಲ್ವಾ?

ಹೊಸ ಪುಡಿಗೆ ಪಟಿಕ, ಸೋಡಿಯಂ ಅಯೋಡೇಟ್ ಎಲ್ಲ ತೂಕ ಮಾಡಿ ಹಾಕಿ ಬಣ್ಣ ತಯಾರಿಸಿದೆ. ಲೋಟದ ನೀರಿಗೆ ಹನಿ ಬಿಟ್ಟೆ. ಅದೂ ಕೆಂಪು! ಸ್ಲೈಡೂ ಕೆಂಪು! ಆ ಸಂಜೆ ಶೆಡ್ಡಿನ ದೀಪ ಆರಿಸಿ ಒಳಗೆ ಬಂದುಬಿಟ್ಟೆ.

ಊಟಕ್ಕೆ ಬಡಿಸುತ್ತಾ ಅಮ್ಮ ಅಂದರು: 'ಮಳೆ ನೀರು ಬಂದ ಮೇಲೆ ನೋಡು, ಬೇಳೆ ಎಷ್ಟು ಬೇಗ ಬೆಂದುಹೋಗುತ್ತೆ. ಬೋರಿನ ನೀರಲ್ಲಿ ಎಷ್ಟು ಸೀಟಿ ಹಾಕಿಸಿದರೂ ಕಾಳು ಕಾಳೇ.'

ತುತ್ತು ಕೈಯಲ್ಲೇ ನಿಂತಿತು. ಮೇ ಕೊನೆಯಲ್ಲಿ ಚಾವಣಿಯ ಮಳೆ ನೀರು ಸಿಂಟೆಕ್ಸ್ ಟ್ಯಾಂಕಿಗೆ ಬೀಳುವ ಹಾಗೆ ಪೈಪ್ ಹಾಕಿಸಿದ್ದೆವು. ಅಡುಗೆಮನೆಗೂ ನನ್ನ ಶೆಡ್ಡಿಗೂ ಅದೇ ಲೈನು. ಬಣ್ಣ ಹಾಳಾಗಿರಲಿಲ್ಲ. ನೀರು ಬದಲಾಗಿತ್ತು!

ನಮ್ಮ ತುಮಕೂರಿನ ಬೋರಿನ ನೀರು ಗಡಸು. ಬಕೆಟ್ಟಿನ ಅಂಚಿನಲ್ಲಿ ಬಿಳಿ ಪದರ ಕಟ್ಟುತ್ತೆ, ಸೋಪು ನೊರೆ ಬರಲ್ಲ. ಆ ನೀರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜೊತೆ ಬೈಕಾರ್ಬನೇಟೂ ಇದೆ. ಬೇಳೆ ಬೇಯಲು ಬಿಡದಿದ್ದುದು ಕ್ಯಾಲ್ಸಿಯಂ. ನನ್ನ ಸ್ಲೈಡಿಗೆ ನೀಲಿ ತರುತ್ತಿದ್ದುದು ಬೈಕಾರ್ಬನೇಟ್. ಹೆಮಟಾಕ್ಸಿಲಿನ್ ದ್ರಾವಣ ಹುಳಿ ಗುಣದ್ದು. ಅದರಲ್ಲಿ ಅದ್ದಿ ತೆಗೆದ ಸೆಕ್ಷನ್ ಕೆಂಪಾಗಿರುತ್ತೆ, ಕ್ಷಾರ ಸಿಕ್ಕಿದರೆ ನೀಲಿಗೆ ತಿರುಗುತ್ತೆ. ಅರಿಶಿನದ ನೀರಿಗೆ ಸುಣ್ಣ ಬೆರೆಸಿದರೆ ಆರತಿ ತಟ್ಟೆಯಲ್ಲಿ ಕೆಂಪಾಗುತ್ತಲ್ಲ, ಆ ಥರದ್ದೇ ಆಟ. ಮಳೆ ನೀರಿಗೆ ಗಾಳಿಯ ಕಾರ್ಬನ್ ಡೈಆಕ್ಸೈಡ್ ಸೇರಿ ಅದೇ ಸ್ವಲ್ಪ ಹುಳಿ ಆಗಿರುತ್ತೆ. ಪಿಎಚ್ ಪಟ್ಟಿ ಅದ್ದಿದೆ: ಟ್ಯಾಂಕಿನ ನೀರು 5 ಮತ್ತು 6ರ ನಡುವೆ, ಬೋರಿನದು 8ರ ಹತ್ತಿರ.

ಹಾಗಾದರೆ ನಾನು ಸುರಿದ ಆ ಅರ್ಧ ಲೀಟರ್? ಅದು ಚೆನ್ನಾಗಿಯೇ ಇತ್ತು. ಪರೀಕ್ಷೆ ಮಾಡಿದ ನೀರೇ ತಪ್ಪು. ಈಗಲೂ ನೆನೆದರೆ ಹೊಟ್ಟೆ ಉರಿಯುತ್ತೆ. ಆರ್‌ಒ ನೀರು ಬಳಸುವವರೂ ಈ ಹನಿ ಪರೀಕ್ಷೆಯನ್ನು ನಂಬಬೇಡಿ. ಆ ನೀರಲ್ಲೂ ಬೈಕಾರ್ಬನೇಟ್ ಬಹಳ ಕಡಿಮೆ.

ಬೋರಿನ ಮೋಟರ್ ಹಾಕೋಣ ಅಂದರೆ ಕರೆಂಟ್ ಇಲ್ಲ. ಬೆಳಗಿನ ತನಕ ಕಾಯುವ ತಾಳ್ಮೆಯೂ ಇಲ್ಲ. ಅಮ್ಮನ ಎಲೆಅಡಿಕೆ ತಟ್ಟೆಯಿಂದ ಸುಣ್ಣ ತಂದು ನೀರಿಗೆ ಕಲಸಿ ತಿಳಿ ತೆಗೆದೆ. ಸ್ಲೈಡ್ ಅದ್ದಿದ ಕೂಡಲೇ ನೀಲಿ! ಆದರೆ ನೋಡ ನೋಡುತ್ತಾ ಎರಡು ಸೆಕ್ಷನ್ ಗಾಜಿನಿಂದ ಎದ್ದು ತೇಲಿಹೋದವು. ಸುಣ್ಣದ ತಿಳಿಯ ಪಿಎಚ್ 12ರ ಸುತ್ತಮುತ್ತ. ಸೆಕ್ಷನ್ನನ್ನು ಗಾಜಿಗೆ ಹಿಡಿಸುವ ಮೊಟ್ಟೆಯ ಬಿಳಿ, ಗ್ಲಿಸರಿನ್ ಅಂಟು ಅಷ್ಟು ಕ್ಷಾರ ತಡೆಯಲ್ಲ. ನೀಲಿ ತರಲು ಕೆಲವರು ಬಳಸುವ ಅಮೋನಿಯಾ ಜಾಸ್ತಿ ಆದರೂ ಇದೇ ಗತಿ.

ಆದ್ದರಿಂದ ನೀಲಿ ತರಲೆಂದೇ ಮಾಡುವ ಮೆದು ಕ್ಷಾರದ ಸ್ಕಾಟ್ಸ್ ದ್ರಾವಣಕ್ಕೆ ಬಂದೆ. ಒಂದು ಲೀಟರ್ ನೀರಿಗೆ 2 ಗ್ರಾಂ ಅಡುಗೆ ಸೋಡಾ, 20 ಗ್ರಾಂ ಮೆಗ್ನೀಸಿಯಂ ಸಲ್ಫೇಟ್. ಬೇಕಿಂಗ್ ಪೌಡರ್ ಹಾಕಬೇಡಿ, ಅದರಲ್ಲಿ ಹುಳಿಯೂ ಇರುತ್ತೆ. ಮೆಗ್ನೀಸಿಯಂ ಸಲ್ಫೇಟ್ ನಮ್ಮೂರಿನ ಗೊಬ್ಬರದ ಅಂಗಡಿಯಲ್ಲಿ ಸಿಕ್ಕಿತು. ತೆಂಗಿನ ತೋಟಕ್ಕೆ ಹಾಕುವುದು ಅದನ್ನೇ. ಅಂಗಡಿಯವರು, 'ಎಷ್ಟು ಮರ ಇದೆ ಅಣ್ಣ?' ಅಂತ ಕೇಳಿದರು. ಒಂದು ಕಿಡ್ನಿ ಅಂತ ಹೇಳಿದೆ. ಇಬ್ಬರೂ ನಕ್ಕೆವು. ಇದರಲ್ಲಿ ಒಂದೆರಡು ನಿಮಿಷ ಸಾಕು, ಸೆಕ್ಷನ್ ಅಲ್ಲಾಡಲ್ಲ. ಆಮೇಲೆ ನೀರಲ್ಲಿ ಚೆನ್ನಾಗಿ ತೊಳೆಯಿರಿ. ಸೋಡಾ ಉಳಿದರೆ ಇಯೋಸಿನ್ ಸರಿಯಾಗಿ ಹಿಡಿಯಲ್ಲ.

ಈ ಗಲಾಟೆಯ ಮಧ್ಯೆ ಒಂದು ಹೊಸ ಹುಚ್ಚು ಹತ್ತಿದೆ. ಹೆಮಟಾಕ್ಸಿಲಿನ್ ಬರುವುದು ಮೆಕ್ಸಿಕೊ ಕಡೆಯ ಒಂದು ಮರದ ಚೇಗಿನಿಂದ. ನಮ್ಮ ಸಪ್ಪಂಗ, ಅದೇ ಪತಂಗದ ಚಕ್ಕೆ, ಕೇರಳದಲ್ಲಿ ಕುಡಿಯುವ ನೀರಿಗೆ ಹಾಕಿ ಗುಲಾಬಿ ಮಾಡುತ್ತಾರಲ್ಲ, ಅದರಲ್ಲಿರುವ ಬ್ರೆಜಿಲಿನ್ ಇದರ ಹತ್ತಿರದ ನೆಂಟ. ಒಂದೇ ಒಂದು ಆಕ್ಸಿಜನ್ ಪರಮಾಣು ಕಡಿಮೆ. ಪಟಿಕದ ಜೊತೆ ಸೇರಿಸಿದರೆ ಅದೂ ನ್ಯೂಕ್ಲಿಯಸ್ಸನ್ನು ಹಿಡಿಯುತ್ತೆ, ನೀಲಿ ಬದಲು ಕೆಂಪು. ಗ್ರಂದಿಗೆ ಅಂಗಡಿಯಿಂದ 100 ಗ್ರಾಂ ಚಕ್ಕೆ ತಂದು ಇಟ್ಟಿದ್ದೇನೆ. ಮೊದಲ ಪ್ರಯೋಗ ಕೋಳಿ ಲಿವರ್ ಮೇಲೆ, ಜೊತೆಗೆ ಲೈಟ್ ಗ್ರೀನ್ ಅನ್ನುವ ಹಸಿರು ಬಣ್ಣ ಹಾಕಿ ನೋಡಬೇಕು.

ಅದಕ್ಕೂ ಮೊದಲು ಕೆಂಪಾಗಿ ಉಳಿದ ಹಳೆಯ 14 ಸ್ಲೈಡ್‌ಗಳಿವೆ. ಅವನ್ನು ಎಸೆಯಬೇಕಿಲ್ಲ. ಗಾಜಿನ ಅಂಟು ಕರಗಿಸುವ ಝೈಲೀನ್‌ನಲ್ಲಿ ನೆನೆಸಿ, ಮೇಲಿನ ತೆಳು ಗಾಜಾದ ಕವರ್‌ಸ್ಲಿಪ್ ತಾನಾಗಿ ಜಾರಿದ ಮೇಲೆ ಆಲ್ಕೋಹಾಲ್ ಮೂಲಕ ನೀರಿಗೆ ಇಳಿಸಿ, ಸ್ಕಾಟ್ಸ್‌ನಲ್ಲಿ ಅದ್ದಿ ಮತ್ತೆ ಇಯೋಸಿನ್ ಕೊಟ್ಟರೆ ಆಯಿತು. ಕೈಯಿಂದ ಎಳೆಯಬೇಡಿ, ಸೆಕ್ಷನ್ ಹರಿದುಬರುತ್ತೆ. ಜಾಡಿಯ ಮುಚ್ಚಳ ಬಿಗಿಯಾಗಿರಲಿ, ಕಿಟಕಿ ತೆರೆದಿರಲಿ. ಇವತ್ತಿಗೆ ಎರಡು ದಿನ. 11 ಕವರ್‌ಸ್ಲಿಪ್ ಬಿಟ್ಟಿವೆ. ಇನ್ನು 3 ಕದಲಿಲ್ಲ, ನಾಳೆ ಬೆಳಗ್ಗೆ ನೋಡುತ್ತೇನೆ.