ಯಾವಾಗ ಶುರು ಅಂತೆ?

2023ರ ಮೇ 29, ಸೋಮವಾರ. ರಾತ್ರಿ ಹತ್ತು ಗಂಟೆ ಹತ್ತಿರ. ಅಹಮದಾಬಾದಿನಲ್ಲಿ ಐಪಿಎಲ್ ಫೈನಲ್. ಚೆನ್ನೈ ಬ್ಯಾಟಿಂಗಿಗೆ ಇಳಿದು ಮೂರೇ ಮೂರು ಬಾಲ್ ಆಗಿತ್ತು, ನಾಲ್ಕು ರನ್. ಅಷ್ಟರಲ್ಲಿ ಮಳೆ ಬಂತು. ಆಟಗಾರರು ಒಳಗೆ ಓಡಿದರು. ಪಿಚ್ ಮೇಲೆ ಹೊದಿಕೆ ಎಳೆದರು.

ನನ್ನ ತೊಡೆ ಮೇಲೆ ಒಂದು ಹಾಳೆ ಇತ್ತು. ಅದರಲ್ಲಿ ಆರು ಸಾಲು. ಆರೂ ಒಂದೇ ಕ್ಲೈಂಟ್‌ನ ಹತ್ತು ಸೆಕೆಂಡಿನ ಆ್ಯಡ್‌ಗಳು. ಎಲ್ಲವೂ ಎರಡನೇ ಇನಿಂಗ್ಸ್‌ನಲ್ಲಿ, ಓವರ್ ಮುಗಿದಾಗ ಬರಬೇಕಾದವು. ಬಂದ ತಕ್ಷಣ ಟೈಮ್ ಬರೆದು ಟಿಕ್ ಹಾಕುವುದು ನನ್ನ ಕೆಲಸ. ನಾನಿದ್ದದ್ದು ಟಿವಿಯಲ್ಲಿ ಆ್ಯಡ್ ಜಾಗ ಕೊಂಡು ಕೊಡುವ ಒಂದು ಸಂಸ್ಥೆಯಲ್ಲಿ. ಮಾಮೂಲಿ ದಿನಗಳಲ್ಲಿ ಈ ಲೆಕ್ಕ ಮಾರನೇ ದಿನ ಆಫೀಸಿಗೆ ಬರುತ್ತದೆ. ಫೈನಲ್‌ನಂಥ ಪಂದ್ಯ ಇದ್ದಾಗ ಮಾತ್ರ ನಾವೇ ಕೂತು ನೋಡುತ್ತಿದ್ದೆವು.

ಆರೂ ಸಾಲು ಖಾಲಿ ಇದ್ದವು.

ಪಕ್ಕದಲ್ಲಿ ಅಪ್ಪ. ಮಳೆ ಶುರುವಾಗಿ ಎರಡು ನಿಮಿಷ ಆಗಿರಲಿಲ್ಲ, ಕೇಳಿದರು. "ಯಾವಾಗ ಶುರು ಅಂತೆ?"

ಹಿಂದಿನ ದಿನ ಭಾನುವಾರವೂ ಇದೇ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದರೋ. ಫೈನಲ್ ಇದ್ದದ್ದೇ ಭಾನುವಾರ. ಸಂಜೆಯಿಂದ ಮಳೆ. ಟಾಸ್ ಕೂಡ ಆಗಲಿಲ್ಲ. ಒಮ್ಮೆ ನಿಂತ ಹಾಗೆ ಮಾಡಿ ಮತ್ತೆ ಸುರಿಯಿತು. ಹನ್ನೊಂದರ ಹೊತ್ತಿಗೆ "ನಾಳೆ ಆಡುತ್ತೇವೆ" ಅಂದರು. ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗಬೇಕಾದವರು ಎಷ್ಟೋ ಜನ ಅಷ್ಟು ಹೊತ್ತು ಸುಮ್ನೆ ಕಾದಿದ್ದರು.

ಹತ್ತೂ ಇಪ್ಪತ್ತಕ್ಕೆ ಫೋನ್ ಬಂತು. ಕ್ಲೈಂಟ್. ದೊಡ್ಡ ಕಂಪನಿಯೇನಲ್ಲ. ವರ್ಷದ ಆ್ಯಡ್ ದುಡ್ಡಿನಲ್ಲಿ ದೊಡ್ಡ ಪಾಲನ್ನು ಈ ಒಂದು ಟೂರ್ನಿಗೆ ಹಾಕಿದ್ದರು. ಫೈನಲ್‌ನ ಚೇಸಿಂಗ್‌ನಲ್ಲೇ ತಮ್ಮ ಆ್ಯಡ್ ಬರಬೇಕು ಅಂತ ಹಟ ಹಿಡಿದು ಹಾಕಿಸಿದ್ದರು.

"ಏನಮ್ಮಾ, ನಮ್ದು ಮಳೆಯಲ್ಲಿ ಹೋಯ್ತಾ?"

"ಇಲ್ಲ ಸರ್. ನಮ್ಮದು ಆಟದ ಮಧ್ಯೆ ಬರುವ ಸ್ಪಾಟ್. ಮಳೆ ನಿಂತ ಮೇಲೇ ಬರೋದು."

"ಮತ್ತೆ ಯಾವಾಗ ಶುರು ಅಂತೆ?"

ನನಗೂ ಗೊತ್ತಿರಲಿಲ್ಲ. ಹಾಗೆಂದೇ ಹೇಳಿದೆ.

ಅವರಿಗೆ ಹೇಳದೆ ಉಳಿದದ್ದು ಇನ್ನೊಂದಿತ್ತು. ಮಳೆಯಿಂದ ಆಟ ಜಾಸ್ತಿ ಹೊತ್ತು ನಿಂತರೆ ಓವರ್ ಕಡಿಮೆ ಮಾಡುತ್ತಾರೆ. ಓವರ್ ಹೋದರೆ ಅದರ ಹಿಂದಿನ ಬ್ರೇಕೂ ಹೋಗುತ್ತದೆ. ಐದು ಓವರ್ ಕಳೆದರೆ ಕಡಿಮೆ ಅಂದರೂ ಐದು ಬ್ರೇಕ್ ಕಳೆದ ಹಾಗೆ. ಲೀಗ್ ಪಂದ್ಯ ಆಗಿದ್ದರೆ ಬಾರದ ಆ್ಯಡನ್ನು ಮುಂದಿನ ಪಂದ್ಯಕ್ಕೆ ಹಾಕಿಸಿಕೊಳ್ಳಬಹುದು. ನಮ್ಮ ಭಾಷೆಯಲ್ಲಿ ಅದು ಮೇಕ್‌ಗುಡ್. ಫೈನಲ್‌ಗೆ ಮುಂದಿನ ಪಂದ್ಯ ಎಲ್ಲಿದೆ?

ಮಳೆ ಬಂದು ಆಟ ನಿಂತರೆ ಟಿಆರ್‌ಪಿ ಬೀಳುತ್ತದೆ ಅಂತ ಎಲ್ಲರೂ ಹೇಳುತ್ತಾರೆ. ಬೀಳುವುದು ನಿಜ. ಹೇಗೆ ಬೀಳುತ್ತದೆ ಅನ್ನುವುದನ್ನು ನೋಡಿದರೆ ಕಥೆ ಬೇರೆಯೇ ಇದೆ. ಟಿಆರ್‌ಪಿಯಲ್ಲಿ ಎಷ್ಟು ಜನ ನೋಡಿದರು ಅನ್ನುವುದರ ಜೊತೆಗೆ ಎಷ್ಟು ಹೊತ್ತು ನೋಡಿದರು ಅನ್ನುವುದೂ ಸೇರಿದೆ. ಪ್ರತಿ ನಿಮಿಷ ಎಷ್ಟು ಜನ ಇದ್ದರು ಅಂತ ಎಣಿಸಿ, ಎಲ್ಲ ಕೂಡಿಸಿ ಸರಾಸರಿ ತೆಗೆಯುತ್ತಾರೆ. ಒಂದು ಲೆಕ್ಕ ಮಾಡಿ ನೋಡಿ. ಮೂರು ಗಂಟೆ ಆಟ, ಪ್ರತಿ ನಿಮಿಷಕ್ಕೆ 100 ಜನ. ಮಧ್ಯೆ ಎರಡು ಗಂಟೆ ಮಳೆ, ಆಗ ಪ್ರತಿ ನಿಮಿಷಕ್ಕೆ 40 ಜನ. ಎರಡನ್ನೂ ಸೇರಿಸಿದರೆ ಸರಾಸರಿ 76ಕ್ಕೆ ಇಳಿಯುತ್ತದೆ. ಆಟ ನೋಡಿದವರಲ್ಲಿ ಒಬ್ಬರೂ ಕಡಿಮೆ ಆಗಿಲ್ಲ! ಮಳೆಯ ಹೊತ್ತನ್ನು ಬೇರೆ ಕಾರ್ಯಕ್ರಮ ಅಂತ ಬರೆದುಕೊಂಡರೆ ಆಟದ್ದು 100 ಹಾಗೇ ಉಳಿಯುತ್ತದೆ. ಹಾಗಾಗಿ ಯಾರಾದರೂ "ಮಳೆಯಿಂದ ರೇಟಿಂಗ್ ಇಷ್ಟು ಬಿತ್ತು" ಅಂದರೆ ನಾನು ಮೊದಲು ಕೇಳುವುದು, ಯಾವ ನಿಮಿಷದಿಂದ ಯಾವ ನಿಮಿಷದವರೆಗೆ ಎಣಿಸಿದ್ದೀರಿ ಅಂತ. ಈ ಒಂದು ಪ್ರಶ್ನೆ ಕೇಳದೆ ಎಷ್ಟು ಮೀಟಿಂಗ್‌ಗಳಲ್ಲಿ ಜಗಳ ಆಗಿದೆಯೋ.

ಅಪ್ಪ ರಿಮೋಟ್ ಎತ್ತಿಕೊಂಡರು. ಸುದ್ದಿ ಚಾನೆಲ್‌ಗೆ ಹೋದರು. ಎರಡು ನಿಮಿಷ ನೋಡಿ ವಾಪಸ್ ಬಂದರು. ಹೊದಿಕೆ ಇನ್ನೂ ಹಾಗೇ ಇತ್ತು. ಇನ್ನೆಲ್ಲೋ ಹೋದರು. ಹತ್ತು ನಿಮಿಷ ಬಿಟ್ಟು ಮತ್ತೆ ಬಂದರು. ಆಫೀಸಿನಲ್ಲಿ ಎಷ್ಟು ಜನ ನೋಡಿದರು ಅನ್ನುವ ನಿಮಿಷ ನಿಮಿಷದ ಗೆರೆ ನೋಡಿ ನೋಡಿ ಅಭ್ಯಾಸ ಆಗಿದ್ದ ನನಗೆ ಆ ಗೆರೆಯೇ ಎದುರಿಗೆ ಕೂತ ಹಾಗೆ ಅನ್ನಿಸಿತು. ಮಳೆ ಪಂದ್ಯಗಳ ಗೆರೆ ಹಳ್ಳಕ್ಕೆ ಬಿದ್ದ ಹಾಗೆ ಒಮ್ಮೆಗೇ ಬೀಳುವುದಿಲ್ಲ. ಮೆಟ್ಟಿಲು ಇಳಿದ ಹಾಗೆ ಇಳಿಯುತ್ತದೆ. ಮೊದಲ ಬ್ರೇಕ್‌ಗೆ ಒಂದಷ್ಟು ಜನ ಹೋಗುತ್ತಾರೆ. ಹಳೇ ಪಂದ್ಯದ ತುಣುಕು ಹಾಕಿದಾಗ ಇನ್ನಷ್ಟು. ಅಂಪೈರ್‌ಗಳು ಮೈದಾನಕ್ಕೆ ಬಂದು ನೋಡಿ, ತಲೆ ಅಲ್ಲಾಡಿಸಿ ವಾಪಸ್ ಹೋದರೆ ದೊಡ್ಡ ಮೆಟ್ಟಿಲು. ಆಗ ಎದ್ದು ಹೋದವರನ್ನು ವಾಪಸ್ ತರುವುದು ಕಷ್ಟ.

ಮಳೆ ಬೇಗ ನಿಂತಿತು. ಆದರೆ ಆಟ ಶುರುವಾಗಲಿಲ್ಲ. ಮುಖ್ಯ ಪಿಚ್ ಪಕ್ಕದ ಪ್ರಾಕ್ಟೀಸ್ ಪಿಚ್‌ಗಳ ಜಾಗ ಕೆಸರಾಗಿತ್ತು. ಕ್ಯಾಮೆರಾ ಅಲ್ಲಿಗೇ ಹೋಯಿತು. ಒಬ್ಬ ಹುಡುಗ ಮೊಣಕಾಲೂರಿ ಸ್ಪಂಜಿನಿಂದ ನೀರು ಹೀರುತ್ತಿದ್ದ. ಹಿಂಡುತ್ತಿದ್ದ. ಮತ್ತೆ ಹೀರುತ್ತಿದ್ದ. ಒಂದು ಲಕ್ಷಕ್ಕಿಂತ ಜಾಸ್ತಿ ಜನ ಕೂರುವ, ಜಗತ್ತಿನ ಅತಿ ದೊಡ್ಡ ಕ್ರಿಕೆಟ್ ಸ್ಟೇಡಿಯಂ. ಅದರ ಮಧ್ಯೆ ಒಂದು ಸ್ಪಂಜು. ಚಾನೆಲ್ ಬದಲಿಸುತ್ತಿದ್ದ ಅಪ್ಪ ಅಲ್ಲಿ ನಿಂತರು. ಪೂರ್ತಿ ಹತ್ತು ನಿಮಿಷ ಆ ಸ್ಪಂಜನ್ನೇ ನೋಡಿದರು. "ಆ ಮೂಲೆ ಬಿಟ್ಟ ನೋಡು," ಅಂದರು, ಅವನಿಗೆ ಕೇಳಿಸುತ್ತದೆ ಅನ್ನುವ ಹಾಗೆ.

ನನಗೆ ಅದು ಇವತ್ತಿಗೂ ನೆನಪಿದೆ. ಸ್ಟುಡಿಯೋದ ಮಾತು, ಹಳೇ ಸಿಕ್ಸರ್‌ಗಳು, ಯಾವುದೂ ಅವರನ್ನು ಹಿಡಿದಿಟ್ಟಿರಲಿಲ್ಲ. ಅಲ್ಲಿ ನಿಜವಾಗಿ ಏನು ನಡೀತಿದೆ ಅನ್ನುವುದನ್ನು ತೋರಿಸಿದ ಕೂಡಲೇ ಕೂತರು. ತಡವಾಗುತ್ತಿರುವುದನ್ನು ಮುಚ್ಚಿಟ್ಟು ಬೇರೆ ಏನೋ ತೋರಿಸುವುದಕ್ಕಿಂತ ಆ ತಡವನ್ನೇ ತೋರಿಸಿದರೆ ಜನ ಉಳಿಯುತ್ತಾರೆ. ಈ ಮಾತನ್ನು ಆಮೇಲೆ ಆಫೀಸಿನಲ್ಲಿ ಎಷ್ಟೋ ಸಲ ಹೇಳಿದ್ದೇನೆ.

ನಮ್ಮ ಸೀನಿಯರ್ ಒಬ್ಬರು ಇಂಥ ರಾತ್ರಿಗಳ ಮಾತು ಬಂದಾಗೆಲ್ಲ ಅಮೆರಿಕದ 2013ರ ಸೂಪರ್ ಬೌಲ್, ಅಂದರೆ ಅಮೆರಿಕನ್ ಫುಟ್‌ಬಾಲ್ ಫೈನಲ್‌ನ ಕಥೆ ತೆಗೆಯುತ್ತಿದ್ದರು. ನ್ಯೂ ಆರ್ಲಿಯನ್ಸ್‌ನ ಸೂಪರ್‌ಡೋಮ್‌ನಲ್ಲಿ ಆಟದ ಮಧ್ಯೆ ಅರ್ಧ ಸ್ಟೇಡಿಯಂನ ಕರೆಂಟ್ ಹೋಯಿತು. 34 ನಿಮಿಷ ಆಟ ಇಲ್ಲ. ಆಗ ಬಾಲ್ಟಿಮೋರ್ 28–6ರಿಂದ ಮುಂದಿತ್ತು. ಟಿವಿ ಆರಿಸಿ ಮಲಗಲು ಅದಕ್ಕಿಂತ ಒಳ್ಳೇ ಕಾರಣ ಬೇಕಾ? ಕರೆಂಟ್ ಬಂದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ತಿರುಗಿ ಬಿದ್ದಿತು. ಕೊನೆಗೆ 34–31. ಸರಾಸರಿ ಸುಮಾರು 10.8 ಕೋಟಿ ಜನ ನೋಡಿದರು. ಹಿಂದಿನ ವರ್ಷದ 11.1 ಕೋಟಿಗಿಂತ ಕಡಿಮೆ, ಆದರೆ ಅರ್ಧ ಗಂಟೆ ಕತ್ತಲಲ್ಲಿ ಕೂರಿಸಿದ ಪಂದ್ಯಕ್ಕೆ ಇದು ಸಣ್ಣ ಸಂಖ್ಯೆ ಅಲ್ಲ. 2016ರ ವರ್ಲ್ಡ್ ಸೀರೀಸ್, ಅಂದರೆ ಅಲ್ಲಿನ ಬೇಸ್‌ಬಾಲ್ ಫೈನಲ್ ಸರಣಿಯ ಏಳನೇ, ಕೊನೇ ಪಂದ್ಯವೂ ಹಾಗೇ. ಒಂಬತ್ತು ಇನಿಂಗ್ಸ್ ಮುಗಿದಾಗ 6–6 ಸಮ. ಮಳೆಗೆ 17 ನಿಮಿಷ ಆಟ ನಿಂತಿತು. ಅಲ್ಲೂ ರಾತ್ರಿ ಹನ್ನೆರಡು ಆಗಿತ್ತು. ಸುಮಾರು 4 ಕೋಟಿ ಜನ ಆ ಪಂದ್ಯ ನೋಡಿದರು. ಇನ್ನು ಏನೋ ಬಾಕಿ ಇದೆ ಅನ್ನಿಸಿದರೆ ಜನ ಕಾಯುತ್ತಾರೆ. ಇನ್ನೇನೂ ಬಾಕಿ ಇಲ್ಲ ಅನ್ನಿಸಿದರೆ ಹತ್ತು ನಿಮಿಷದ ಮಳೆಯೂ ಜಾಸ್ತಿಯಾಗುತ್ತದೆ.

ತಡವನ್ನು ಚಾನೆಲ್ ತಾಳಿಕೊಳ್ಳದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೂ ಅಮೆರಿಕದ್ದೇ ಕಥೆ ಇದೆ. 1968ರ ನವೆಂಬರ್ 17ರಂದು ನ್ಯೂಯಾರ್ಕ್ ಜೆಟ್ಸ್ ಮತ್ತು ಓಕ್ಲೆಂಡ್ ರೈಡರ್ಸ್ ತಂಡಗಳ ಅಮೆರಿಕನ್ ಫುಟ್‌ಬಾಲ್ ಪಂದ್ಯ ಹೇಳಿದ ಹೊತ್ತು ಮೀರಿ ಹೋಯಿತು. ಇನ್ನು 65 ಸೆಕೆಂಡ್ ಬಾಕಿ. ಜೆಟ್ಸ್ 32–29ರಿಂದ ಮುಂದಿತ್ತು. ಎನ್‌ಬಿಸಿ ಚಾನೆಲ್ ಏಳು ಗಂಟೆಗೆ ಸರಿಯಾಗಿ ಆಟ ಬಿಟ್ಟು ಮಕ್ಕಳ ಸಿನಿಮಾ 'ಹೈಡಿ' ಶುರು ಮಾಡಿತು. ಆ 65 ಸೆಕೆಂಡಿನಲ್ಲಿ ರೈಡರ್ಸ್ ಎರಡು ಟಚ್‌ಡೌನ್ ಹೊಡೆದು 43–32ರಿಂದ ಗೆದ್ದಿತು. ನೋಡುತ್ತಿದ್ದವರಿಗೆ ಸಿಕ್ಕಿದ್ದು ಹೈಡಿ. ಅವರ ಸಿಟ್ಟು ಎಷ್ಟಿತ್ತು ಅಂದರೆ ಆ ಪಂದ್ಯಕ್ಕೆ ಇವತ್ತಿಗೂ 'ಹೈಡಿ' ಹೆಸರೇ ಉಳಿದಿದೆ.

ಹತ್ತೂ ಮುಕ್ಕಾಲು ದಾಟಿತು. ತಂಗಿ ಎದ್ದಳು. "ನಾನು ರೂಮಲ್ಲಿ ಫೋನಲ್ಲಿ ನೋಡ್ತೀನಿ ಅಕ್ಕಾ. ಶುರುವಾದರೆ ಕೂಗು."

ಆಗ ನನಗೆ ಹೊಳೆದದ್ದು ಇದು. ತಂಗಿ ಪಂದ್ಯ ಬಿಟ್ಟಿಲ್ಲ, ಟಿವಿ ಬಿಟ್ಟಳು. ರೇಟಿಂಗ್ ಅಳೆಯುವ ಬಾರ್ಕ್ ಸಂಸ್ಥೆಯ ಮೀಟರ್ ಇರುವುದು ಆಯ್ದ ಮನೆಗಳ ಟಿವಿ ಪಕ್ಕ. ಆಗ ಸುಮಾರು 55,000 ಮನೆಗಳಲ್ಲಿತ್ತು. ಮನೆಯ ಒಬ್ಬೊಬ್ಬರಿಗೂ ಒಂದೊಂದು ಬಟನ್. ನೋಡಲು ಕೂತಾಗ ಒತ್ತಬೇಕು, ಎದ್ದಾಗಲೂ ಒತ್ತಬೇಕು. ರೂಮಿನಲ್ಲಿ ಮಲಗಿ ಫೋನ್ ನೋಡುವವಳನ್ನು ಅದು ಎಣಿಸುವುದಿಲ್ಲ. ಆ ವರ್ಷ ಐಪಿಎಲ್ ಫೋನಿನಲ್ಲಿ ಉಚಿತ ಬೇರೆ. ಆ ಫೈನಲ್ ಅನ್ನು ಜಿಯೋಸಿನಿಮಾದಲ್ಲಿ ಒಂದೇ ಹೊತ್ತಿನಲ್ಲಿ 3.2 ಕೋಟಿ ಜನ ನೋಡಿದರು ಅಂತ ಮಾರನೇ ದಿನ ಸುದ್ದಿ ಬಂತು. ಮೊದಲೆಲ್ಲ ಮಳೆ ಬಂದರೆ ಜನ ಬೇರೆ ಚಾನೆಲ್‌ಗೆ ಹೋಗಿ ವಾಪಸ್ ಬರುತ್ತಿದ್ದರು. ಈಗ ಟಿವಿ ಮುಂದಿನಿಂದಲೇ ಎದ್ದು ಹೋಗುತ್ತಾರೆ. ಆಟ ಶುರುವಾದರೂ ಹಾಸಿಗೆಯಿಂದ ಏಳುವುದಿಲ್ಲ. ಟಿವಿಗೆ ತಡದಿಂದ ಆಗುವ ನಿಜವಾದ ನಷ್ಟ ಇಲ್ಲೇ ಇದೆ ಅಂತ ನನಗನ್ನಿಸುತ್ತದೆ.

ಹನ್ನೊಂದಕ್ಕೆ ಅಪ್ಪನೂ ಎದ್ದರು. "ಇವರು ಹೇಳೋದೇ ಇಲ್ವಲ್ಲ," ಅಂತ ಬೇಜಾರಿನಲ್ಲಿ ಒಳಗೆ ಹೋದರು. ಮಳೆಯ ಮೇಲೆ ಅವರಿಗೆ ಸಿಟ್ಟಿರಲಿಲ್ಲ. ಅರ್ಧ ಗಂಟೆಯೋ, ಎರಡು ಗಂಟೆಯೋ, ನಾಳೆಯೋ, ಏನೂ ಗೊತ್ತಿಲ್ಲದೆ ಕೂರುವುದು ಅವರಿಗೆ ಆಗಲಿಲ್ಲ.

ಹನ್ನೊಂದೂವರೆ ಆದ ಮೇಲೆ ಪರದೆಯಲ್ಲಿ ಬಂತು. ಆಟ ಶುರು 12:10ಕ್ಕೆ. 15 ಓವರ್. ಗುರಿ 171.

ನಾನು ಒಳಗೆ ಹೋಗಿ ಹೇಳಿದೆ. ಅಪ್ಪ ಮಲಗಿದ್ದರು, ನಿದ್ದೆ ಬಂದಿರಲಿಲ್ಲ. "ಹನ್ನೆರಡು ಹತ್ತಾ? ಖಂಡಿತಾನಾ?" ಅಂದರು. ಐದು ನಿಮಿಷ ಮುಂಚೆಯೇ ಬಂದು ತಮ್ಮ ಜಾಗದಲ್ಲಿ ಕೂತರು. ಹನ್ನೊಂದಕ್ಕೆ ಎದ್ದು ಹೋದ ಮನುಷ್ಯ ನಡುರಾತ್ರಿ ಹನ್ನೆರಡೂ ಐದಕ್ಕೆ ವಾಪಸ್. ಬೇಕಾಗಿದ್ದದ್ದು ಒಂದು ಟೈಮ್ ಅಷ್ಟೇ.

ನಮ್ಮ ಹಾಳೆಯಲ್ಲಿ ನಡುರಾತ್ರಿ ದಾಟಿದರೂ ದಿನ ಬದಲಾಗುವುದಿಲ್ಲ. 12:10ನ್ನು 24:10 ಅಂತ ಬರೆಯುತ್ತೇವೆ. ಒಂದೂವರೆ ಅಂದರೆ 25:30. ಮೊದಲ ಸಾಲಿನಲ್ಲಿ 24 ಅಂತ ಬರೆದಾಗ ಕೈ ಸ್ವಲ್ಪ ನಡುಗಿತು. ಈ ಹೊತ್ತಿನಲ್ಲಿ ಯಾರು ಎದ್ದಿರುತ್ತಾರೆ ಅನ್ನುವ ಭಯ. ಆ ಕ್ಲೈಂಟ್ ನನ್ನ ಮಾತು ನಂಬಿ ಎರಡನೇ ಇನಿಂಗ್ಸ್‌ಗೆ ಒಪ್ಪಿದ್ದರು.

ಒಂದು ಬಂತು. ಎರಡು, ಮೂರು. ಓವರ್‌ಗಳು ಬೇಗ ಬೇಗ ಓಡಿದವು. ಆಟ ಬಿಗಿಯಾಯಿತು. ಎಷ್ಟೋ ಹೊತ್ತು ನಾನು ಹಾಳೆ ನೋಡಲೇ ಇಲ್ಲ. 14ನೇ ಓವರ್ ಮುಗಿಯಿತು. ಇನ್ನು ಒಂದು ಓವರ್, 13 ರನ್. ಆ ಬ್ರೇಕ್‌ನಲ್ಲಿ ನಾಲ್ಕನೆಯದು ಬಂತು. ಹತ್ತೇ ಸೆಕೆಂಡ್. ಟೈಮ್ ಬರೆದೆ.

ಮೋಹಿತ್ ಶರ್ಮಾ ನಾಲ್ಕು ಬಾಲ್‌ಗೆ ಮೂರೇ ರನ್ ಕೊಟ್ಟ. ಎರಡು ಬಾಲ್, ಹತ್ತು ರನ್. ಜಡೇಜಾ ಸಿಕ್ಸ್ ಹೊಡೆದ. ಆಮೇಲೆ ಫೋರ್. ಅಪ್ಪ ಎದ್ದು ನಿಂತಿದ್ದರು. ಒಳಗಿನಿಂದ ತಂಗಿ ಕೂಗಿದ್ದು ಸ್ವಲ್ಪ ಹೊತ್ತು ಬಿಟ್ಟು. ಫೋನಿನಲ್ಲಿ ಬಾಲ್ ತಡವಾಗಿ ಬರುತ್ತದೆ, ಅಲ್ವಾ?

ಐದು ನಿಮಿಷಕ್ಕೆ ಫೋನ್ ರಿಂಗಾಯಿತು.

"ಸರ್, ನಾಲ್ಕು ಬಂತು. ಎರಡು ಉಳೀತು. ಓವರ್ ಕಟ್ ಆಯ್ತಲ್ಲ. ಅದರ ದುಡ್ಡಿನ ವಿಷಯ ನಾಳೆ ಮಾತಾಡ್ತೀನಿ."

"ಅದಿರ್ಲಿ. ಕೊನೇ ಓವರ್ ಮುಂಚೆ ಬಂದದ್ದು ನಮ್ದೇ ಅಲ್ವಾ?"

"ಹೌದು ಸರ್."

"ನಮ್ಮ ಮನೇಲಿ ಎಲ್ರೂ ಎದ್ದು ಕೂತಿದ್ವಿ," ಅಂದರು. "ಎಲ್ರೂ ನೋಡಿದ್ವಿ."